ಮರಳ ದಿಬ್ಬದ ಕೆಳಗೊಂದು ನಿದ್ದೆ

ಜೈಸಲ್ಮೇರಿನಿಂದ ಇನ್ನೂ ಆಚೆ, ಡಾಂಬರು ಮುಗಿದು ಮರಳು ಶುರುವಾಗುವ ಜಾಗದಲ್ಲಿ ಬೆಳಗಾವಿಯ ಬಸ್ಸೊಂದು ಬಂದು ನಿಲ್ಲುತ್ತದೆ. ಬೆಳಕು ಹರಿಯಲು ಇನ್ನೂ ಹೊತ್ತಿದೆ. ಶಾಲು, ಮಫ್ಲರು, ಮಂಕಿ ಕ್ಯಾಪುಗಳೊಳಗಿಂದ ಕಣ್ಣು ಮಾತ್ರ ಹೊರಗಿಟ್ಟುಕೊಂಡ ನಲವತ್ತು ಮಂದಿ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಚಪ್ಪಲಿಗಳನ್ನು ಬಸ್ಸಿನ ಹತ್ತಿರವೇ ಬಿಟ್ಟು, ಬರಿಗಾಲಲ್ಲಿ, ಮಾತಿಲ್ಲದೆ ಎದುರಿನ ದಿಬ್ಬ ಹತ್ತತೊಡಗುತ್ತಾರೆ. ಅದರ ನೆತ್ತಿಯ ಮೇಲೆ ಯಾವ ಕಾಲದಲ್ಲೋ ಒಬ್ಬ ಸಂತ ಕೂತಿದ್ದನಂತೆ. ಕೆಲವರು ಸಾಧು ಅನ್ನುತ್ತಾರೆ, ಕೆಲವರು ಪೀರ ಅನ್ನುತ್ತಾರೆ, ಸಂತ ಮಾತ್ರ ಇಬ್ಬರಿಗೂ ಉತ್ತರ ಕೊಟ್ಟಿಲ್ಲ. ಸೂರ್ಯ ಹುಟ್ಟುವ ಮುಂಚೆ ಅಲ್ಲಿ ಕಣ್ಣುಮುಚ್ಚಿ ಕೂತರೆ ಮರಳಿನೊಳಗಿಂದ ಒಂದು ಶಕ್ತಿ ಏರಿ ಬಂದು ಮೈಮನಸ್ಸು ಹಗುರಾಗುತ್ತದೆ ಎಂಬುದು ನಂಬಿಕೆ.

ಎಲ್ಲರೂ ಮೇಲೆ ಹೋಗುತ್ತಾರೆ. ಒಬ್ಬ ಮಾತ್ರ ಹೋಗುವುದಿಲ್ಲ. ರಾತ್ರಿಯಿಡೀ ಸ್ಟೇರಿಂಗ್ ಹಿಡಿದ ಆತ ಕೆಳಗಿಳಿದು, ಕಬ್ಬಿಣದ ರಾಡಿನಿಂದ ಒಂದೊಂದೇ ಗಾಲಿಗೆ ತಟ್ಟಿ ಸದ್ದು ಕೇಳಿಸಿಕೊಳ್ಳುತ್ತಾನೆ. ಬಾಟಲಿಯ ನೀರಿನಿಂದ ಮುಖ ತೊಳೆದುಕೊಳ್ಳುತ್ತಾನೆ. ಆಮೇಲೆ ಸಾಮಾನಿಡುವ ಡಿಕ್ಕಿಯ ಬಾಗಿಲೆತ್ತಿ, ತನಗಾಗಿ ಖಾಲಿ ಬಿಟ್ಟ ಜಾಗದಲ್ಲಿ ಜಮಖಾನೆ ಹಾಸಿ ಒಳಗೆ ತೂರಿಕೊಳ್ಳುತ್ತಾನೆ. ಆಳು ಎತ್ತರ, ಡಿಕ್ಕಿ ಗಿಡ್ಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಕಟ್ಟಿದವರು ಈ ಡಿಕ್ಕಿ ನೋಡಿರಲಿಕ್ಕಿಲ್ಲ, ಪಾದಗಳೆರಡೂ ಹೊರಗೇ ಉಳಿಯುತ್ತವೆ. ಮೇಲೆ ನಲವತ್ತು ಮಂದಿ ಕಣ್ಣುಮುಚ್ಚುವ ಹೊತ್ತಿಗೇ ಕೆಳಗೆ ಇವನೂ ಕಣ್ಣುಮುಚ್ಚುತ್ತಾನೆ.

ಹೆಸರು ಕಲಂದರ ಸನದಿ, ಬೆಳಗಾವಿಯ ಶಹಾಪುರದವನು. ವಯಸ್ಸು ಐವತ್ತು ದಾಟಿದೆ. ಅನಗೋಳದ ಗಜಾನನ ಎಂಬವರು ನಡೆಸುವ ಯಾತ್ರಾ ಬಸ್ಸಿಗೆ ಹನ್ನೆರಡು ವರ್ಷಗಳಿಂದ ಈತ ರಾತ್ರಿಯ ಡ್ರೈವರ್. ಹಗಲು ಬಾಳೇಶ ಓಡಿಸುತ್ತಾನೆ. ಸಂಜೆ ಊಟವಾದ ಮೇಲೆ ಕಲಂದರ ಕೂತನೆಂದರೆ ಬೆಳಗಿನವರೆಗೆ ನಾಲ್ಕೈದು ನೂರು ಕಿಲೋಮೀಟರು ಅವನದೇ ಹೊಣೆ. ಪುಷ್ಕರ, ಅಜ್ಮೇರ, ರಾಮದೇವರಾ, ಕೊನೆಗೆ ಈ ದಿಬ್ಬ. ವರ್ಷಕ್ಕೆರಡು ಸಲ ಚಳಿಗಾಲದಲ್ಲಿ ಮರುಭೂಮಿಯ ಯಾತ್ರೆ. ಹೀಗೆ ಮಂದಿ ಹಾತೊರೆದು ಹೋಗುವ ಪುಣ್ಯಸ್ಥಳಗಳಿಗೆಲ್ಲ ಹೋಗಿ ಬಂದಿದ್ದಾನೆ, ಆದರೆ ಮೊದಲ ವರ್ಷ ಬಿಟ್ಟರೆ ಈ ಹನ್ನೊಂದು ವರ್ಷಗಳಲ್ಲಿ ಒಂದನ್ನೂ ನೋಡಿಲ್ಲ.

"ಮಂದಿ ದೇವರ ಕಡೆ ಹೊಂಟಾಗ ನಾ ಡಿಕ್ಕಿ ಕಡೆ ಹೊಂಟಿರ್ತೀನ್ರಿ," ಎಂದು ನಗುತ್ತಾನೆ. "ಅಜ್ಮೇರದಾಗ ದರ್ಗಾ ಇನ್ನ ಒಂದ ಫರ್ಲಾಂಗ್ ಇರತೈತಿ, ಅಲ್ಲೇ ಮಲಗೀನಿ. ಬಾಬಾಗ ಗೊತ್ತೈತಿ ಬಿಡ್ರಿ ನಾ ಎಲ್ಲಿ ಅದೀನಂತ. ನಂದು ನಿದ್ದೀನೂ ಡ್ಯೂಟಿನ."

ಇದು ಸುಮ್ಮನೆ ಬಂದ ಶಿಸ್ತಲ್ಲ. ಮೊದಲ ವರ್ಷ ಪುಷ್ಕರದಲ್ಲಿ ಆಸೆ ತಡೆಯದೆ ಹಗಲೆಲ್ಲ ಕೆರೆಯ ಸುತ್ತ ಅಡ್ಡಾಡಿದ್ದ. ಆ ರಾತ್ರಿ ನೆಟ್ಟಗಿನ ರಸ್ತೆಯಲ್ಲಿ ಕಣ್ಣೆವೆ ಒಂದೇ ಒಂದು ಸಲ ಕೂಡಿತು. ತೆರೆದಾಗ ಎಡಗಾಲಿಗಳು ರಸ್ತೆಯಂಚಿನ ಜಲ್ಲಿಕಡಿಯ ಮೇಲೆ ಓಡುತ್ತಿದ್ದವು. ಹೇಗೋ ಬಸ್ಸು ರಸ್ತೆಗೆ ಬಂತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ನಿದ್ದೆಯಲ್ಲಿದ್ದಾರೆ, ಒಬ್ಬ ಅಜ್ಜಿ ಬಾಯಿ ತೆರೆದುಕೊಂಡು ಮಗುವಿನಂತೆ ಮಲಗಿದ್ದಾಳೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಒಬ್ಬನಿಗೇ, ಅವನು ಅಂದೇ ಆಣೆ ಮಾಡಿಕೊಂಡ: ಇನ್ನು ಹಗಲು ಯಾವ ಗುಡಿ ಗೋಪುರವನ್ನೂ ನೋಡುವುದಿಲ್ಲ, ಮಲಗುವುದೇ.

ಏಳನೇ ಇಯತ್ತೆಗೆ ಸಾಲಿ ಬಿಟ್ಟು ಲಾರಿಯ ಕ್ಲೀನರ್ ಆದವನು ಕಲಂದರ. ಡ್ರೈವರ್ ಆದ ಮೇಲೆ ಬಹಳ ವರ್ಷ ಖಾನಾಪುರದ ಹಂಚಿನ ಭಟ್ಟಿಗಳಿಂದ ಬೆಳಗಾವಿಗೆ ಹಂಚು ಸಾಗಿಸಿದ. ಒಂದು ಆಷಾಢದ ಮಳೆಯಲ್ಲಿ ಖಾನಾಪುರದ ಹೊಳೆದಂಡೆಯ ಓಣಿಯಲ್ಲಿ ಲಾರಿ ಕೆಸರಿಗೆ ಹೂತುಕೊಂಡಿತು. ಎರಡು ದಿನ ಮಳೆ ಬಿಡಲಿಲ್ಲ. ಎದುರು ಮನೆಯವರು ಪಾಪ ಅಂತ ಊಟ ಹಾಕಿದರು. ಊಟ ಬಡಿಸಿದ ಹುಡುಗಿ ಇಮಾಮಬೀ. ಲಾರಿ ಕೆಸರಿನಿಂದ ಎದ್ದಿತು, ಡ್ರೈವರ್ ಮಾತ್ರ ಏಳಲಿಲ್ಲ ಎಂದು ಅವಳ ತವರಿನವರು ಈಗಲೂ ಆಡಿಕೊಳ್ಳುತ್ತಾರೆ.

ಮದುವೆಯಾಗಿ ಬಂದ ಇಮಾಮಬೀ ಶಹಾಪುರದ ಓಣಿಯಲ್ಲಿ, ಪಕ್ಕದ ಮನೆಗಳ ಮಗ್ಗದ ಗದ್ದಲದ ನಡುವೆ, ರಾಟೆ ತಿರುಗಿಸಿ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ ಸಂಸಾರ ಮಾಡಿದಳು. ಬೆಳಗಾವಿ ಬಿಟ್ಟರೆ ಖಾನಾಪುರ, ಖಾನಾಪುರ ಬಿಟ್ಟರೆ ಬೆಳಗಾವಿ, ಅಷ್ಟೇ ಅವಳ ಪ್ರಪಂಚ. ಗಂಡ ಯಾತ್ರೆ ಮುಗಿಸಿ ಬಂದಾಗ ರಾಟೆ ನಿಲ್ಲಿಸದೆ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಏನೇನು ನೋಡಿದಿರಿ ಅಂತ. ದಿಬ್ಬದಿಂದ ಮೊದಲ ಸಲ ಬಂದಾಗ ಕಲಂದರ ಖರೇ ಹೇಳಿದ: ಮಲಗಿದ್ದೆ, ನೋಡುವುದೇನು. ಅವಳು ನೂಲಿನ ಕಡೆ ಮುಖ ತಿರುಗಿಸಿದಳು. ಆ ಸಣ್ಣಗಾದ ಮುಖ ಅವನಿಗೆ ಸಹಿಸಲಾಗಲಿಲ್ಲ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಈತ ಮದುವೆಯಾಗಿ ಇಷ್ಟು ವರ್ಷದ ಮೇಲೆ ಸುಳ್ಳು ಶುರುಮಾಡಿದ. ಅನಗೋಳದ ನಿವೃತ್ತ ಶಿಕ್ಷಕಿ ಪ್ರಮಿಳಾ ಟೀಚರು ಪ್ರತಿವರ್ಷ ಆ ದಿಬ್ಬಕ್ಕೆ ಬರುವವರು. ಅಲ್ಲಿ ಕೂತರೆ ಎಲುಬಿನೊಳಗೆ ಗುಂಯ್ ಅನ್ನುತ್ತದೆ, ತೀರಿಕೊಂಡವರು ಬೆನ್ನ ಮೇಲೆ ಕೈಯಿಟ್ಟ ಹಾಗಾಗುತ್ತದೆ ಎಂದು ಅವರು ಬಸ್ಸಿನಲ್ಲಿ ಹೇಳಿದ್ದು ಇವನ ಬಂಡವಾಳ. ಉಳಿದದ್ದು ಇಮಾಮಬೀಯ ಪ್ರಶ್ನೆಗಳಿಂದಲೇ ಹುಟ್ಟಿತು. ನೆರಳೈತೇನು ಅಂದಳು, ದೊಡ್ಡದೊಂದು ಹಲಸಿನ ಗಿಡ ಐತಿ ಅಂದ. ನೀರು ಅಂದಳು, ನಿಮ್ಮೂರ ಮಲಪ್ರಭೆಯ ಹಾಗೆ ಒಂದು ಸಣ್ಣ ಹರಿವು, ಕಲ್ಲುಗಳ ಮೇಲೆ ಸದ್ದು ಮಾಡುತ್ತ ಹೋಗುತ್ತದೆ ಅಂದ. ಹಕ್ಕಿ? ಇವೆ. ಮಂಜು? ಬೆಳಗ್ಗೆ ಬೀಳುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ರಾಜಸ್ಥಾನದ ಮರಳಿನಲ್ಲಿ ಒಂದು ಖಾನಾಪುರ ಎದ್ದು ನಿಂತಿತು. ಹಲಸು ಹಣ್ಣಾಗುತ್ತಿತ್ತು, ಹರಿವು ಮಳೆಗಾಲಕ್ಕೆ ತುಂಬುತ್ತಿತ್ತು. ಯಾತ್ರೆಯಿಂದ ಬಂದ ಸಂಜೆಗಳೆಂದರೆ ಇಬ್ಬರಿಗೂ ಅದೇ ಹಬ್ಬ.

ಹೇಳುತ್ತ ಹೇಳುತ್ತ ಕಲಂದರನಿಗೇ ಆ ಜಾಗ ಕನಸಿನಲ್ಲಿ ಬರತೊಡಗಿತು. ಡಿಕ್ಕಿಯಲ್ಲಿ ಮಲಗಿದಾಗ ನೀರಿನ ಸದ್ದು ಕೇಳುತ್ತದೆ, ಹಲಸಿನ ವಾಸನೆ ಮೂಗಿಗೆ ಬಡಿಯುತ್ತದೆ. ಎದ್ದರೆ ಬಾಯಲ್ಲೆಲ್ಲ ಮರಳು. ಶಕ್ತಿ ಎಂದರೆ ಇದೇ ಇರಬೇಕೆ ಎಂದು ಒಂದೊಂದು ಸಲ ಅವನಿಗೆ ಅನುಮಾನ ಬರುತ್ತದೆ. ಯಾರನ್ನೂ ಕೇಳಿಲ್ಲ.

ಹೋದ ಜನವರಿಯಲ್ಲಿ ಕಷ್ಟಕ್ಕಿಟ್ಟುಕೊಂಡಿತು. ಹಿಂಡಲಗಾದ ದಂಪತಿಯೊಂದು ಕಡೆಯ ಗಳಿಗೆಯಲ್ಲಿ ಬರುವುದಿಲ್ಲವೆಂದಾಗ ಗಜಾನನ, ಹೆಂಡತಿಯನ್ನು ಕರೆದುಕೊಂಡು ಬಾ, ಸೀಟು ಖಾಲಿ ಇದೆ ಎಂದರು. ಕಲಂದರ ತಪ್ಪಿಸಲು ದಾರಿ ಹುಡುಕಿದ. ಮನೆಯಲ್ಲಿ ಚಳಿಯ ಬಗ್ಗೆ ಹೇಳಿದ, ಧೂಳಿನ ಬಗ್ಗೆ ಹೇಳಿದ, ಸೊಂಟನೋವಿನ ಬಗ್ಗೆ ಹೇಳಿದ. ಇಮಾಮಬೀ ಎಲ್ಲವನ್ನೂ ಕೇಳಿಸಿಕೊಂಡು ಶಾಲು ಮಡಚಿ ಚೀಲಕ್ಕಿಟ್ಟಳು. ಡ್ರೈವರ್ ಸೀಟಿನ ಹಿಂದೆಯೇ ಅವಳಿಗೆ ಜಾಗ ಸಿಕ್ಕಿತು. ಬಸ್ಸಿನಲ್ಲಿ ಎಲ್ಲರೂ ಮಲಗಿದ ಮೇಲೂ ಕನ್ನಡಿಯಲ್ಲಿ ಎರಡು ಕಣ್ಣು ಎಚ್ಚರವಾಗಿ ಕಾಣುತ್ತಿದ್ದವು. ಬೆಳಗಾವಿಯಿಂದ ಜೈಸಲ್ಮೇರಿನವರೆಗೂ ಅವನ ತಲೆಯಲ್ಲಿ ಒಂದೇ ಲೆಕ್ಕ. ಗಿಡವಿಲ್ಲ, ನೀರಿಲ್ಲ, ಹಕ್ಕಿಯಿಲ್ಲ. ನೋಡಿದ ಮೇಲೆ ಅವಳು ಇವನ ಯಾವ ಮಾತನ್ನು ನಂಬಬೇಕು? ಹಳೆಯ ಸಂಜೆಗಳೆಲ್ಲ ಸುಳ್ಳಾಗುವುದಲ್ಲದೆ ಮುಂದಿನವೂ ಹೋದವು.

ದಿಬ್ಬದ ಬಳಿ ಬಂದಾಗ ಅವನಿಗೆ ಒಂದೇ ಒಂದು ದಾರಿಯಿತ್ತು. ಅವಳ ಜೊತೆ ಮೇಲೆ ಹತ್ತಿ, ಹೋಗುತ್ತ ಹೋಗುತ್ತ ತಪ್ಪೊಪ್ಪಿಕೊಳ್ಳುವುದು. ಒಂದು ಕಾಲು ಮುಂದಿಟ್ಟೂ ಇಟ್ಟ. ಆದರೆ ಮುಂದಿನ ರಾತ್ರಿ ದೊಡ್ಡದಿತ್ತು, ಬಸ್ಸಿನ ತುಂಬ ಜನರಿದ್ದರು. ಅವರಲ್ಲಿ ಈ ಸಲ ಅವಳೂ ಇದ್ದಳು. ಕಾಲು ಹಿಂದೆ ತೆಗೆದು, ಗಾಲಿಗೆ ತಟ್ಟಿ, ಡಿಕ್ಕಿಯೊಳಗೆ ಹೋದ. ಆಣೆ ಆಣೆಯೇ.

ಮುಂದೆ ಆದದ್ದನ್ನು ಪ್ರಮಿಳಾ ಟೀಚರು ಹೇಳುತ್ತಾರೆ. ಮೇಲೆ ಕರಿಕಲ್ಲಿನ ಕಟ್ಟೆಯೊಂದು, ಬಣ್ಣ ಹೋದ ಬಾವುಟವೊಂದು, ಸುತ್ತ ಕಣ್ಣು ಹೋದಷ್ಟೂ ಮರಳು. ಇಮಾಮಬೀ ನಿಂತು ನಾಲ್ಕೂ ದಿಕ್ಕು ನೋಡಿದಳಂತೆ. ಆಮೇಲೆ ಎಲ್ಲರ ಜೊತೆ ಕಣ್ಣುಮುಚ್ಚಿ ಕೂತಳು. ಸೂರ್ಯ ಎದ್ದು ಮಂದಿ ಕಣ್ಣು ತೆರೆದಾಗ ಅವಳಿದ್ದ ಜಾಗ ಖಾಲಿ. ಮರುಭೂಮಿಯಲ್ಲಿ ಹೆಣ್ಣುಮಗಳೊಬ್ಬಳು ಕಾಣೆಯಾದಳೆಂದು ಗಜಾನನ ಗಾಬರಿಯಾಗಿ ಕೂಗುತ್ತ ಇಳಿದು ಬಂದರು. ಬಂದು ನೋಡಿದರೆ ಡಿಕ್ಕಿಯ ಬಾಗಿಲ ಮುಂದೆ ಬಕೆಟ್ ಬೋರಲು ಹಾಕಿ ಕೂತಿದ್ದಾಳೆ. ಹೊರಗೆ ಚಾಚಿದ ಗಂಡನ ಪಾದಗಳ ಮೇಲೆ ತನ್ನ ಶಾಲು ಹೊದಿಸಿದ್ದಾಳೆ. ಗಜಾನನರನ್ನು ಕಂಡವಳೇ ತುಟಿಯ ಮೇಲೆ ಬೆರಳಿಟ್ಟಳು. ನಲವತ್ತು ಮಂದಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಕಳ್ಳರ ಹಾಗೆ ಬಸ್ ಹತ್ತಿದರು. ಟೀಚರಿಗೆ ಆ ಹೊತ್ತು ಅಳು ಬಂತಂತೆ, ಯಾಕೆಂದು ಅವರಿಗೂ ಗೊತ್ತಿಲ್ಲ.

ಎದ್ದ ಕಲಂದರನಿಗೆ ಮೊದಲು ಕಂಡದ್ದು ಹೆಂಡತಿಯ ಮುಖ. ಅವಳು ಚಹಾ ಕೊಟ್ಟಳು, ದಿಬ್ಬದ ಸುದ್ದಿ ಎತ್ತಲಿಲ್ಲ. ದಿನವೆಲ್ಲ ಎತ್ತಲಿಲ್ಲ. ಸಂಜೆ ಧಾಬಾ ಒಂದರ ಹೊರಗೆ, ಅವನ ಪಾಳಿ ಶುರುವಾಗುವ ಮುಂಚೆ, ತಡೆಯಲಾರದೆ ಅವನೇ ಬಾಯಿಬಿಟ್ಟ. ಆ ಹಲಸಿನ ಗಿಡ, ಅಂತ ಶುರುಮಾಡಿದ.

ಅವಳು ಏನೆಂದಳೆಂಬುದನ್ನು ಅವಳ ಬಾಯಿಂದಲೇ ಕೇಳಬೇಕು. ಮನೆಯಲ್ಲಿ ಅವರದು ದಖ್ಖನಿ ಮಾತು, ಬಂದವರಿಗಾಗಿ ಇಮಾಮಬೀ ಕನ್ನಡದಲ್ಲಿ ಹೇಳುತ್ತಾಳೆ. ಕೈ ರಾಟೆಯ ಮೇಲೆಯೇ ಇರುತ್ತದೆ.

"ಉಸುಕಿನ್ಯಾಗ ಹಲಸಿನ ಗಿಡ ಬೆಳಿತೈತೇನ್ರಿ? ನಾ ಖಾನಾಪುರದಾಕಿ. ಹಲಸಿಗೆ ಎಷ್ಟ ಮಳಿ ಬೇಕಂತ ನನಗ ಗೊತ್ತಿಲ್ಲೇನು? ಇವ್ರು ಮೊದಲನೇ ಸಲ ಹೇಳಿದಾಗನ ತಿಳೀತು. ಹೇಳಲಿ ಬಿಡು, ಚಂದ ಹೇಳ್ತಾರ ಅಂತ ಸುಮ್ಮನಿದ್ದೆ."

ಹಾಗಾದರೆ ಅಷ್ಟು ದೂರ ಬಂದದ್ದೇಕೆ ಎಂದು ಕಲಂದರ ಧಾಬಾದಲ್ಲಿ ಕೇಳಿದ್ದನಂತೆ. ರಾಟೆ ಸ್ವಲ್ಪ ನಿಲ್ಲುತ್ತದೆ.

"ನಾ ಅಂದೆ, ಗಿಡದ ಸುದ್ದಿ ಹೇಳಿದ್ರಿ, ನೀರಿನ ಸುದ್ದಿ ಹೇಳಿದ್ರಿ. ನೀವು ಎಲ್ಲಿ ಮಲಗ್ತೀರಿ ಅಂತ ಒಂದ ದಿನಾನೂ ಹೇಳಲಿಲ್ಲ. ಅದನ್ನ ನೋಡಾಕ ಬಂದೀನಿ."

ಮನೆಯಲ್ಲಿದ್ದಾಗ ಅವನನ್ನು ಹಾಸಿಗೆಯ ಮೇಲೆ ನೋಡಿದ ಅವಳಿಗೆ, ಹೊರಗಿದ್ದಾಗ ಅವನು ಎಲ್ಲಿ ಒರಗಿರುತ್ತಾನೆಂದು ಕಣ್ಣಿಗೆ ಕಟ್ಟುತ್ತಲೇ ಇರಲಿಲ್ಲವಂತೆ. ಎಷ್ಟು ಯೋಚಿಸಿದರೂ ಅಲ್ಲೊಂದು ಕತ್ತಲೆ. ಆ ಬೆಳಗ್ಗೆ ದಿಬ್ಬದ ಮೇಲೆ ಎಲ್ಲರೂ ಕಣ್ಣುಮುಚ್ಚಿ ಏನನ್ನೋ ಕಾಯುತ್ತಿದ್ದಾಗ ಅವಳಿಗೆ ನೆನಪಾದದ್ದು ಅದೇ, ಅದಕ್ಕೇ ಎದ್ದು ಬಂದಳು. ಡಿಕ್ಕಿಯ ಮುಂದೆ ಕೂತಿದ್ದಾಗ ಗಾಳಿ ನಿಂತಿತ್ತು, ಇವನ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತು ಕೂತಳೋ ಅವಳಿಗೂ ಗೊತ್ತಿಲ್ಲ. ಮೈ ಹಗುರಾಯಿತು ಎಂದು ಮಾತ್ರ ಹೇಳುತ್ತಾಳೆ.

ಗಂಡ ಏಳುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದ್ದಳು. ಡಿಕ್ಕಿಯ ಉದ್ದ ಅಗಲವನ್ನು ಗೇಣು ಹಾಕಿ ಅಳೆದುಕೊಂಡಿದ್ದಳು. ಊರಿಗೆ ಬಂದು ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಅದೇ ಅಳತೆಗೆ ಒಂದು ಕೌದಿ ಹೊಲಿದಿದ್ದಾಳೆ. ಕೆಳತುದಿಗೆ ಚೀಲದ ಹಾಗೆ ಒಂದು ಮಡಿಕೆ ಇದೆ, ಹೊರಗುಳಿಯುವ ಪಾದಗಳಿಗೆ. ಕೌದಿಯ ಬಣ್ಣ ನೋಡಿ ಬಾಳೇಶ ಮದುಮಗ ಮಲಗಿದ ಎಂದು ಚೇಷ್ಟೆ ಮಾಡುತ್ತಾನೆ, ಕಲಂದರ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮುಂದಿನ ಯಾತ್ರೆಗೆ ಇನ್ನೊಬ್ಬ ಡ್ರೈವರನನ್ನು ಹಾಕುತ್ತೇನೆ, ನೀನೂ ಒಂದು ಸಲ ದಿಬ್ಬ ಹತ್ತಿ ಬಾ ಎಂದು ಗಜಾನನ ಹೇಳಿದ್ದಾರೆ. ನೋಡೋಣ ಎಂದು ಕಲಂದರ ಜಾರಿಕೊಂಡಿದ್ದಾನೆ. ಹೋಗಬೇಕೆಂಬ ಆಸೆ ಇಲ್ಲವೆ ಎಂದರೆ ಒಳಮನೆಯ ಕಡೆ ನೋಡುತ್ತಾನೆ. ಒಳಗೆ ಇಮಾಮಬೀ ಚಹಾಕ್ಕಿಟ್ಟಿದ್ದಾಳೆ. ಅವಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಹೇಳುತ್ತಾನೆ.

"ನಾ ಗಾಡಿ ಮ್ಯಾಲ ಹೋದ ರಾತ್ರಿ ಇಕಿ ಮಲಗ್ತಿದ್ದಿಲ್ಲಂತ್ರಿ. ಇಷ್ಟ ವರ್ಷ. ನನಗ ಗೊತ್ತ ಇದ್ದಿಲ್ಲ, ಬಾಜು ಮನಿಯವ್ರು ಮೊನ್ನೆ ಹೇಳಿದ್ರು. ಊರ ಮಂದೀನೆಲ್ಲಾ ಮಲಗಿಸ್ಕೊಂಡು ಹೋಗಾವ ನಾ, ಮನ್ಯಾಗ ಒಬ್ಬಾಕಿ ಎಚ್ಚರ ಇದ್ಲು. ಡಿಕ್ಕಿ ನೋಡಿ ಬಂದ ಮ್ಯಾಲ ಈಗ ಆಕೀನೂ ಮಲಗ್ತಾಳ್ರೀ."