ಬಾನೆಟ್ಟಿನ ಕೆಳಗಿನ ತಗಡು

ನಾನು ಸಂಶಯದ ಮನುಷ್ಯ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಶರಣಮ್ಮ ಹೇಳುತ್ತಾಳೆ, ಮತ್ತು ಆಕೆ ಹೇಳುವಾಗ ಉದಾಹರಣೆಗಳು ಜಾಸ್ತಿ ಇರುತ್ತವೆ. ಬಸ್ಸಿನ ಬೋರ್ಡಿನ ಮೇಲೆ ಚಿತ್ತಾಪುರ ಎಂದು ದಪ್ಪಗೆ ಬರೆದಿದ್ದರೂ ನಾನು ಕಂಡಕ್ಟರನನ್ನು ಕೇಳುತ್ತೇನೆ; ಆತ ಹೌದೆಂದರೆ ಪಕ್ಕದ ಸೀಟಿನವರನ್ನೂ ಕೇಳುತ್ತೇನೆ. ನಮ್ಮ ಕಡೆ ಇಂಥವರಿಗೆ 'ಶಕ್ಕಿ' ಅನ್ನುತ್ತಾರೆ. ತಪ್ಪು ನನ್ನೊಬ್ಬನದಲ್ಲ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸುವ ನೌಕರಿಯಲ್ಲಿ ಸೇಡಂ, ಚಿಂಚೋಳಿ ಸುತ್ತಿ ಸುತ್ತಿ ನನ್ನ ಕೂದಲು ಬೆಳ್ಳಗಾಯಿತು. ಸಂಶಯಪಟ್ಟಿದ್ದಕ್ಕೇ ಸಂಬಳ ತೆಗೆದುಕೊಂಡವನು ನಿವೃತ್ತನಾದ ಮರುದಿನದಿಂದ ಜಗತ್ತನ್ನು ನಂಬಬೇಕೆಂದರೆ ಹೇಗೆ ನಂಬಬೇಕು, ನೀವೇ ಹೇಳಿ.

ಆ ನೌಕರಿಯಿಂದ ಹತ್ತಿದ ಇನ್ನೊಂದು ಚಟವೆಂದರೆ ಲೋಹದ ಮೇಲೆ ಒತ್ತಿದ ಅಂಕಿಗಳನ್ನು ಓದುವುದು. ತೂಕದ ಕಲ್ಲಿನ ಮುದ್ರೆಯಿಂದ ಶುರುವಾದದ್ದು ಹೊಲಿಗೆ ಯಂತ್ರಕ್ಕೆ ಹೋಯಿತು, ಅಲ್ಲಿಂದ ಹಳೆಯ ವಿಲಾಯತಿ ಕಾರುಗಳಿಗೆ. ಆ ಕಾರುಗಳ ಬಾನೆಟ್ಟು ಎತ್ತಿದರೆ ಒಳಗೊಂದು ಅಂಗೈಯಗಲದ ತಗಡು ಇರುತ್ತದೆ. ಅದರ ಮೇಲೆ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ. ಮೊದಲ ಅಕ್ಷರ ಕಾರು ಯಾವ ಜಾತಿಯದು ಎಂದು ಹೇಳುತ್ತದೆ, ಎರಡನೆಯದು ಬಾಗಿಲು ಎಷ್ಟೆಂದು, ಮೂರನೆಯದು ಹುಟ್ಟುವಾಗ ಯಾವ ಬಣ್ಣವಿತ್ತೆಂದು. ಆಮೇಲೆ ಬರುವ ಅಂಕಿ ಅದು ಯಾವ ದೇಶಕ್ಕೆ, ಹೇಗೆ ಹೊರಟಿತು ಎಂದು ಹೇಳುತ್ತದೆ. ಮನುಷ್ಯರಿಗೂ ಇಂಥದೊಂದು ತಗಡು ಇದ್ದಿದ್ದರೆ ಹೆಣ್ಣು ಗಂಡು ನೋಡುವವರಿಗೆ ಎಷ್ಟು ಸಲೀಸಾಗುತ್ತಿತ್ತು. ನಾನೀಗ ಹೇಳಲಿರುವ ಕಾರಿನ ಕಂಪನಿಯ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಾಳೆಯೇ ಹೈದರಾಬಾದಿನಿಂದ ಯಾರಾದರೂ ಕೊಳ್ಳಲು ಬಂದು ನಿಂತಾರೆಂಬ ಗುಮಾನಿ ನನಗಿದೆ.

ಅದು ನನ್ನ ಮಾವನವರ ಕಾರು. ಶಹಾಬಾದಿನಲ್ಲಿ ಅವರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ ಇತ್ತು. ಒಂದು ಸಿಮೆಂಟ್ ಫ್ಯಾಕ್ಟರಿಯ ಸಾಹೇಬ ಊರು ಬಿಡುವಾಗ ಆ ಕಾರನ್ನು ಇವರಿಗೆ ಮಾರಿ ಹೋಗಿದ್ದ. ಕಾರು ಇಡಿಯಾಗಿ ಹಡಗು ಹತ್ತಿ ವಿಲಾಯತಿಯಿಂದ ಬಂದದ್ದು, ಅದರ ಒಂದು ಬೋಲ್ಟಿಗೂ ಇಲ್ಲಿಯವರ ಕೈ ತಾಗಿಲ್ಲ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಆಗಲೇ ಸಂಶಯಪಟ್ಟಿದ್ದೆ. ಆದರೆ ಹೊಸ ಅಳಿಯ, ಎದುರಿಗೆ ಹೋಳಿಗೆ, ಸುಮ್ಮನಿದ್ದೆ. ಪ್ರತಿ ವರ್ಷ ನಾಗರ ಪಂಚಮಿಗೆ ಅವರು ಅದೇ ಕಾರಿನಲ್ಲಿ ವಾಡಿ, ಚಿತ್ತಾಪುರ, ಕಾಳಗಿ ದಾಟಿ ಚಿಂಚೋಳಿಗೆ ಬಂದು ಮಗಳನ್ನು ತವರಿಗೆ ಕರೆದೊಯ್ಯುತ್ತಿದ್ದರು. ಶರಣಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು ಹಾರ್ನಿನ ಸದ್ದಿಗೆ ಕಾಯುವಳು.

ಮಾವ ತೀರಿಕೊಂಡ ಮೇಲೆ ಆಕೆಯ ತಮ್ಮಂದಿರಿಬ್ಬರು ಪಾಲಿಗೆ ಕೂತರು. ದೊಡ್ಡವನು ಶಿವಶರಣ, ಚಿಕ್ಕವನು ಈರಣ್ಣ. ಹೊಲ ಹಂಚಿಕೊಂಡರು, ಗಣಿ ಹಂಚಿಕೊಂಡರು, ಮನೆಯ ನಡುವೆ ಗೋಡೆ ಎಬ್ಬಿಸಿದರು. ಕಾರು ಉಳಿಯಿತು. ಅದನ್ನು ಬಿಟ್ಟುಕೊಡಲು ಒಬ್ಬನೂ ತಯಾರಿಲ್ಲ. ಬೇಸತ್ತ ಹಿರಿಯರೊಬ್ಬರು, ಹಾಗಾದರೆ ಒಬ್ಬ ಬಾಡಿ ಇಟ್ಟುಕೊಳ್ಳಿ, ಇನ್ನೊಬ್ಬ ಎಂಜಿನ್ ಒಯ್ಯಲಿ ಎಂದು ಸಿಟ್ಟಿನಲ್ಲಿ ಅಂದುಬಿಟ್ಟರು. ಅವರು ಬೈದದ್ದು, ಇವರು ತೀರ್ಪು ಅಂದುಕೊಂಡರು. ಎಂಜಿನ್ ಎತ್ತಿನ ಬಂಡಿ ಏರಿ ವಾಡಿಯ ಈರಣ್ಣನ ಹೊಸ ಮನೆಗೆ ಹೋಯಿತು. ಬಾಡಿ ಶಹಾಬಾದಿನ ಬೇವಿನ ಮರದ ಕೆಳಗೆ ಉಳಿಯಿತು.

ಆ ವರ್ಷ ಪಂಚಮಿಗೆ ಇಬ್ಬರೂ ಬೇರೆ ಬೇರೆ ಜೀಪು ತೆಗೆದುಕೊಂಡು ಅಕ್ಕನನ್ನು ಕರೆಯಲು ಬಂದರು. ಶರಣಮ್ಮ ಇಬ್ಬರಿಗೂ ಊಟಕ್ಕಿಟ್ಟಳು, ಆಮೇಲೆ ಅಂದಳು:

"ಅಪ್ಪನ ಕಾರಿನ್ಯಾಗ ಇಬ್ರೂ ಕೂಡಿ ಬಂದ್ರ ಬರ್ತೀನಿ. ಇಲ್ಲಾಂದ್ರ ನನಗ ತವರ ಇಲ್ಲ ಅಂತ ತಿಳ್ಕೋತೀನಿ."

ಅಂದಿನಿಂದ ಆಕೆ ಪಂಚಮಿಗೆ ಹೋಗಿಲ್ಲ. ಎಳ್ಳು ಬೆಲ್ಲದ ಉಂಡಿ ಕಟ್ಟುತ್ತಾಳೆ, ನಮ್ಮ ಅಂಗಳದಲ್ಲೇ ಜೋಕಾಲಿ ಹಾಕಿಸುತ್ತಾಳೆ, ಕೂತುಕೊಳ್ಳುತ್ತಾಳೆ, ಆದರೆ ಜೀಕುವುದಿಲ್ಲ. ಅದನ್ನು ನೋಡುವುದು ನನಗೆ ಭಾಳ ಕಷ್ಟ. ತವರಿನ ಹೆಸರೆತ್ತಿದರೆ ಒಳಗೆ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಾಳೆ.

ಈ ವರ್ಷ ಶ್ರಾವಣಕ್ಕೆ ಮೊದಲು ಶಿವಶರಣ ಫೋನು ಮಾಡಿದ. ಕಾರು ಕೂಡಿಸಲು ತಾನು ತಯಾರು, ಆದರೆ ತಮ್ಮ ಅಸಲಿ ಎಂಜಿನ್ ಮಾರಿಕೊಂಡು ಬೇರೆ ಯಾವುದೋ ಇಟ್ಟಿದ್ದಾನೆಂಬ ಶಕ್ ತನಗಿದೆ ಅಂದ. ಸಂಜೆ ಈರಣ್ಣನ ಫೋನು. ಅವನೂ ತಯಾರು, ಆದರೆ ಅಣ್ಣ ಬಾಡಿ ಬದಲಿಸಿದ್ದಾನಂತೆ, ಅಪ್ಪನ ಕಾರಿಗೆ ಅಂಥ ಮೂತಿಯೇ ಇರಲಿಲ್ಲವಂತೆ. ನೀವು ನಂಬರ್ ಓದುವವರು, ನೀವೇ ನೋಡಿ ಹೇಳಿರಿ ಮಾಮಾ ಎಂದು ಇಬ್ಬರದೂ ಒಂದೇ ಮಾತು. ಇಬ್ಬರೂ ಕೂಡಿ ನನ್ನನ್ನು ನಡುವೆ ಸಿಗಿಸುತ್ತಿದ್ದಾರೆಂಬ ಸಂಶಯ ನನಗೆ ತಕ್ಷಣ ಬಂತು. ಯಾರ ಕಡೆ ಹೇಳಿದರೂ ಇನ್ನೊಬ್ಬರ ಮನೆಯ ಊಟ ಕಳೆದುಕೊಳ್ಳುವವನು ಅಳಿಯನೇ.

ಆದರೂ ಹೋದೆ. ಬೇವಿನ ಮರದ ಕೆಳಗೆ ಕಾರು ಪರಸಿ ಕಲ್ಲುಗಳ ಮೇಲೆ ಕೂತಿತ್ತು. ತಗಡನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಣ್ಣದ ಅಕ್ಷರ ಬೂದು ಅನ್ನುತ್ತಿದೆ, ಕಾರು ನೋಡಿದರೆ ಕರಿ. ಸಿಕ್ಕಿಬಿದ್ದೆಯಲ್ಲೋ ಶಿವಶರಣ ಎಂದು ಒಳಗೊಳಗೇ ಹಿಗ್ಗಿದೆ. ಸೀಟಿನ ಕೆಳಗೆ ಕೆರೆದು ನೋಡಿದರೆ ಕರಿಯ ಕೆಳಗೆ ಬೂದು ಬಣ್ಣ ಇಣುಕಿತು; ಬಾಡಿ ಅದೇ, ಮೇಲೆ ಕರಿ ಬಳಿದದ್ದಷ್ಟೇ. ಅದೇ ತಗಡಿನ ಕೊನೆಯ ಸಾಲಿನಲ್ಲಿ ಎಂಜಿನ್ನಿನ ನಂಬರೂ ಇತ್ತು. ಅದನ್ನು ಬರೆದುಕೊಂಡು ವಾಡಿಗೆ ಹೋದೆ. ಈರಣ್ಣ ಎಂಜಿನ್ನನ್ನು ಅಪ್ಪನ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದ. ವರ್ಷವರ್ಷದ ಪೂಜೆಯ ಕುಂಕುಮ ನಂಬರಿನ ಮೇಲೆ ಗಟ್ಟಿಕಟ್ಟಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಒಂದೊಂದು ಅಂಕಿಯೂ ತಾಳೆಯಾಯಿತು. ಇಬ್ಬರೂ ಪ್ರಾಮಾಣಿಕರು! ಸಂಶಯದವನಿಗೆ ಇದಕ್ಕಿಂತ ದೊಡ್ಡ ನಿರಾಸೆ ಇನ್ನೊಂದಿಲ್ಲ.

ಆದರೆ ತಗಡಿನ ಮೇಲೆ ಇನ್ನೊಂದು ಅಂಕಿ ಇತ್ತಲ್ಲ, ಕಾರು ಹೇಗೆ ಹೊರಟಿತೆಂದು ಹೇಳುವುದು. ಅಲ್ಲಿ ಐದು ಇತ್ತು. ಐದೆಂದರೆ, ಕಾರು ಇಡಿಯಾಗಿ ಬಂದದ್ದಲ್ಲ. ಬಿಡಿ ಬಿಡಿ ಭಾಗಗಳನ್ನು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿ, ಹೋದ ದೇಶದಲ್ಲಿ ಜೋಡಿಸಿದ್ದು. ಮಾವನ ಹಡಗಿನ ಕತೆ ಅಲ್ಲಿಗೆ ಮುಳುಗಿತು. ಇದನ್ನು ಹೇಳಲೋ ಬೇಡವೋ ಎಂದು ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಚಹಾ ಆರುವವರೆಗೆ ಯೋಚಿಸಿದೆ. ಗಂಡುಮಕ್ಕಳ ಮುಂದೆ ಸತ್ತ ಅಪ್ಪನ ಮಾತು ಸುಳ್ಳೆನ್ನುವುದು ಸಣ್ಣ ಕೆಲಸವಲ್ಲ. ಆದರೆ ಜೋಕಾಲಿ ನೆನಪಾಯಿತು.

ಈರಣ್ಣನನ್ನು ಕರೆದುಕೊಂಡು ಶಹಾಬಾದಿಗೆ ಹೋದೆ. ಇಬ್ಬರೂ ಕಾರಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತರು. ನಂಬರ್ ಕೂಡಿವೆ, ಯಾರೂ ಯಾರಿಗೂ ಮೋಸ ಮಾಡಿಲ್ಲ ಎಂದೆ. ಇಬ್ಬರ ಮುಖದಲ್ಲೂ ನನ್ನದೇ ನಿರಾಸೆ ಕಂಡಿತು. ಆಮೇಲೆ ಐದರ ಅರ್ಥ ಬಿಡಿಸಿ ಹೇಳಿದೆ.

ಶಿವಶರಣನ ಮುಖ ಕೆಂಪಗಾಯಿತು. "ಅಂದ್ರ ನಮ್ಮಪ್ಪ ಸುಳ್ಳ ಹೇಳ್ಯಾನ ಅಂತೀರೇನ್ರಿ?"

"ಅಪ್ಪ ಯಾಕ ಸುಳ್ಳ ಹೇಳ್ತಾನ?" ಈರಣ್ಣ ಅಣ್ಣನ ಕಡೆ ತಿರುಗಿದ. "ಆ ಸಾಹೇಬ ಅಪ್ಪಗ ಟೋಪಿ ಹಾಕ್ಯಾನ."

"ಖರೇ ಅದ. ಆ ಮಗಾ ಟೋಪಿ ಹಾಕ್ಯಾನ."

ಪಾಲಾದ ಮೇಲೆ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು. ಎಂದೋ ಊರು ಬಿಟ್ಟ, ಬಹುಶಃ ಲೋಕವನ್ನೂ ಬಿಟ್ಟ ಆ ಸಾಹೇಬನ ಮೇಲೆ ಇಬ್ಬರೂ ಕೂಡಿ ಸಂಶಯಪಡುತ್ತ, ಕಾರಿನ ಒಂದೇ ಮಗ್ಗುಲಿಗೆ ಬಂದು ನಿಂತರು. ಸಂಶಯವೂ ಜನರನ್ನು ಕೂಡಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಬಿಸಿ ಆರುವ ಮೊದಲು ನಾನೂ ಒಂದು ಮಾತು ಸೇರಿಸಿದೆ.

"ಇದು ಮೊದಲಽ ತುಂಡು ತುಂಡಾಗಿ ಬಂದದಪ್ಪ. ಆವಾಗ ಯಾರೋ ನಮ್ಮಂಥಾವ್ರಽ ಕೂಡಿಸ್ಯಾರ. ಈಗ ನಿಮಗ ಯಾಕ ಆಗಂಗಿಲ್ಲ?"

ಮರುವಾರ ಸೇಡಂನಿಂದ ಮೇಸ್ತ್ರಿ ಬಂದನೆಂದು ಸುದ್ದಿ ಬಂತು. ನಾನು ನಂಬಲಿಲ್ಲ, ಶರಣಮ್ಮನಿಗೂ ಹೇಳಲಿಲ್ಲ.

ಪಂಚಮಿಯ ಹಿಂದಿನ ದಿನ ನಮ್ಮ ಓಣಿಯಲ್ಲಿ ಕೆಮ್ಮುತ್ತ ಕೆಮ್ಮುತ್ತ ಒಂದು ಕಾರು ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಇಬ್ಬರೂ. ಶರಣಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಓಡಿ ಹೋಗಿ ಅಪ್ಪಿಕೊಳ್ಳುತ್ತಾಳೆ ಅಂದುಕೊಂಡರೆ, ಇಲ್ಲ, ಕಾರಿನ ಸುತ್ತ ಒಂದು ಸುತ್ತು ಬಂದಳು. ಇಷ್ಟು ವರ್ಷ ನನ್ನನ್ನು ಶಕ್ಕಿ ಅಂದವಳು! ತಗಡಿನ ನಂಬರ್ ತಾಳೆಯಾಗಿದೆ ಎಂದು ನಾನು ಹೇಳಹೊರಟೆ. ಆಕೆ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಎಡಬಾಗಿಲು ತೆರೆದಳು, ಎಳೆದಳು, ಅದು ಮುಚ್ಚಿಕೊಳ್ಳಲಿಲ್ಲ. ಮತ್ತೆ ತೆರೆದು, ಕೆಳಗೆ ಕೈಕೊಟ್ಟು ತುಸು ಮೇಲಕ್ಕೆತ್ತಿ ಎಳೆದಳು. ಸದ್ದಿಲ್ಲದೆ ಕೂತುಕೊಂಡಿತು.

"ಅಪ್ಪನ ಕಾರಽ ಅದ," ಅಂದಳು. ಆಮೇಲೆ ಅತ್ತಳು.

ಬಾಗಿಲಿನ ಆ ಹಟಕ್ಕೆ ತಗಡಿನ ಮೇಲೆ ಯಾವ ಅಕ್ಷರವೂ ಇರಲಿಲ್ಲ.

ನನಗೂ ಹತ್ತಿರಿ ಎಂದರು. ನಾನು ಹತ್ತಲಿಲ್ಲ. ಆ ಕಾರು ಚಿತ್ತಾಪುರವನ್ನಾದರೂ ಮುಟ್ಟೀತೆಂಬ ನಂಬಿಕೆ ನನಗಿರಲಿಲ್ಲ; ಹಿಂದಿನಿಂದ ಬಸ್ಸಿಗೆ ಬರುತ್ತೇನೆ ಎಂದೆ. ನನ್ನ ಸಂಶಯ ನಿಜವೇ ಆಯಿತು. ಚಿತ್ತಾಪುರ ಇನ್ನೂ ದೂರವಿರುವಾಗಲೇ, ತೆಂಗಳಿಯ ಹತ್ತಿರ ರಸ್ತೆಯ ಬದಿಗೆ ಕಾರು ನಿಂತಿತ್ತು. ಬಾನೆಟ್ಟು ಮೇಲಕ್ಕೆದ್ದಿತ್ತು. ಅದರೊಳಗೆ ಇಬ್ಬರ ತಲೆಯೂ ಹುದುಗಿತ್ತು; ಹೊರಗೆ ಬೆನ್ನು ಎರಡೇ ಕಾಣುತ್ತಿದ್ದವು, ಯಾವುದು ಅಣ್ಣನದು ಯಾವುದು ತಮ್ಮನದು ತಿಳಿಯಲಿಲ್ಲ. ಪಕ್ಕದ ಕಲ್ಲಿನ ಮೇಲೆ ಶರಣಮ್ಮ ಉಂಡಿ ತಿನ್ನುತ್ತ, ಕಾಲು ಆಡಿಸುತ್ತ ಕೂತಿದ್ದಳು. ನಾನು ಬಸ್ಸು ನಿಲ್ಲಿಸಲು ಎದ್ದೆ. ಆಕೆ ಕಿಟಕಿಯಲ್ಲಿ ನನ್ನನ್ನು ಕಂಡಳು, ಉಂಡಿ ಹಿಡಿದ ಕೈಯನ್ನೇ ಎತ್ತಿ, ನೀವು ಹೋಗಿರಿ ಎಂದು ಬೀಸಿದಳು.

ಯಾಕ್ರಿ, ಇಳೀತೀರೇನು ಎಂದು ಕಂಡಕ್ಟರ್ ಕೇಳಿದ. ಇಲ್ಲ ಎಂದು ಕೂತೆ. ಬಸ್ಸು ಎಲ್ಲಿಗೆ ಹೋಗುತ್ತದೆಂದು ಆವತ್ತು ಯಾರನ್ನೂ ಕೇಳಲಿಲ್ಲ.