ವರ್ಷಕ್ಕೊಂದು ಗರಿ

ಆಗೆಲ್ಲ ಕಡಬದ ನಮ್ಮ ಮನೆಯಲ್ಲಿ ಸಿಡಿಲಿಗಿದ್ದ ಮದ್ದು ಒಂದೇ, ತೆಂಗಿನ ಗರಿ. ಈಸ್ಟರಿಗೆ ಮೊದಲಿನ ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವಾದ ಮಾಡಿ ಕೊಟ್ಟ ಎಳೆಗರಿಯನ್ನು ಪಪ್ಪ ಇಗರ್ಜಿಯಿಂದ ನಡೆದು ತಂದು ಯೇಸುವಿನ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಗುಡುಗು ಜೋರಾದರೆ ಅಮ್ಮ, ಕೊಂಕಣಿಯವರಾದ ನಮಗೆ ಅವಳು ಮಾಂಯ್, ಅದರಿಂದ ಬೆರಳುದ್ದ ಮುರಿದು ಕೆಂಡಕ್ಕೆ ಹಾಕಿ ಶಿಲುಬೆಯ ಗುರುತು ಮಾಡುತ್ತಿದ್ದಳು. ವರ್ಷಕ್ಕೆ ಒಂದೇ ಗರಿ. ಮುಂದಿನ ಬೂದಿ ಬುಧವಾರಕ್ಕೆ ಮೊದಲು ಉಳಿದ ತುಂಡನ್ನು ಇಗರ್ಜಿಗೆ ಹಿಂದೆ ಕೊಡಬೇಕು. ಎಲ್ಲರ ಮನೆಯ ಗರಿ ಸುಟ್ಟ ಬೂದಿಯನ್ನೇ ಅಂದು ಹಣೆಗೆ ಹಚ್ಚುವುದು. ಹಾಗಾಗಿ ಮಾಂಯ್ ಎಂಥ ಗುಡುಗಿಗೂ ಕೈ ಬಿಗಿ ಹಿಡಿದೇ ಮುರಿಯುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಬೇಸಗೆಯ ಮೊದಲ ಮಳೆಗೇ ಗುಡ್ಡದಾಚೆಯ ಗೌಡರ ಎರಡು ಎತ್ತುಗಳು ಸಿಡಿಲಿಗೆ ಸತ್ತವು. ಊರ ಮಕ್ಕಳೆಲ್ಲ ನೋಡಲು ಓಡಿದೆವು. ಸುಟ್ಟ ಕೂದಲಿನ ವಾಸನೆ ನಾಲ್ಕು ದಿನ ನನ್ನ ಗಂಜಿಯ ಬಟ್ಟಲಲ್ಲೂ ಇತ್ತು.

ಆ ವಾರದ ಒಂದು ಮಧ್ಯಾಹ್ನ ಮಾಂಯ್ ತೊರೆಗೆ ಬಟ್ಟೆ ಒಗೆಯಲು ಹೋಗಿದ್ದಳು. ನಾನೂ ತಮ್ಮ ಪೌಲುವೂ ಜಗಲಿಯಲ್ಲಿ ಗೇರುಹಣ್ಣು ಚೀಪುತ್ತಾ ಕಲ್ಲಾಟ ಆಡುತ್ತಿದ್ದೆವು. ಗುಡುಗಿತು. ಒಳಗೆ ಓಡಿ ಗರಿಯ ಒಂದು ಚೂರು ಸುಟ್ಟೆ. ಇನ್ನೂ ಹತ್ತಿರ ಗುಡುಗಿತು, ಇನ್ನೊಂದು ಚೂರು. ಪೌಲು ಅಳತೊಡಗಿದ. ಮಳೆ ನಿಲ್ಲುವಾಗ ಗರಿಯೇ ಇರಲಿಲ್ಲ. ಆಶೀರ್ವಾದದ ವಸ್ತು ಕಾಲಡಿಗೆ ಬೀಳಬಾರದೆಂದು ಬೂದಿಯನ್ನು ತೆಂಗಿನ ಗೆರಟೆಯಲ್ಲಿ ತುಂಬಿ ಮಡಕೆಯ ಹಿಂದೆ ಅಡಗಿಸಿಟ್ಟೆ. ಹಿತ್ತಲಿನ ತೆಂಗಿನ ಸಸಿಯಿಂದ ಒಂದು ಗರಿ ಕಿತ್ತು ಪಟದ ಹಿಂದೆ ಸಿಕ್ಕಿಸಿದೆ. ಯಾರಿಗೂ ಗೊತ್ತಾಗಲಿಲ್ಲ.

ಶನಿವಾರ ಬಂತು. ಪಪ್ಪ ಮೇಸ್ತ್ರಿ. ಆಗ ಸುಬ್ರಹ್ಮಣ್ಯದಲ್ಲಿ ಯಾತ್ರಿಕರ ಛತ್ರಕ್ಕೆ ಗೋಡೆ ಎಬ್ಬಿಸುತ್ತಿದ್ದರು, ಶನಿವಾರ ಕೆಲಸ ಬಿಟ್ಟು ಕಾಡುದಾರಿಯಲ್ಲಿ ಮನೆಗೆ ನಡೆಯುತ್ತಿದ್ದರು. ನಾಲ್ಕು ಗಂಟೆಗೆ ಸುಬ್ರಹ್ಮಣ್ಯದ ಕಡೆಯೇ ಆಕಾಶ ಕಪ್ಪಾಯಿತು. ಮಾಂಯ್ ಕೆಂಡ ಊದಿ ಎದ್ದು ಪಟದ ಹಿಂದೆ ಕೈ ಹಾಕಿದಳು.

"ಅದು ಆಶೀರ್ವಾದದ್ದು ಅಲ್ಲ ಮಾಂಯ್," ಎಂದೆ. "ಅದು ಹಿತ್ತಲಿನದ್ದು."

"ನಮ್ಮದು ಎಲ್ಲಿ ಉಂಟು?"

"ನಾನು ಸುಟ್ಟೆ. ಎಲ್ಲ."

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆದಿದ್ದರೇ ಒಳ್ಳೆಯದಿತ್ತು. ಪಪ್ಪ ದಾರಿಯಲ್ಲಿದ್ದಾರೆ, ಮನೆಯಲ್ಲಿ ಗರಿಯಿಲ್ಲ, ಅವರಿಗೇನಾದರೂ ಆದರೆ ಕೊಂದವಳು ನಾನೇ. ಒಂಬತ್ತು ವರ್ಷದ ತಲೆಯಲ್ಲಿ ಬೇರೆ ಯಾವ ಲೆಕ್ಕವೂ ಇರಲಿಲ್ಲ. ಮಾಂಯ್ ದಣಿದವಳಂತೆ ನೆಲದಲ್ಲಿ ಕುಳಿತು, ಪೌಲುವನ್ನು ಮಡಿಲಿಗೆ ಎಳೆದು, ನನ್ನ ಕೈ ಹಿಡಿದಳು.

"ಈಗ ಎಂತ ಮಾಡುದು?" ಎಂದೆ.

"ಎಂತ ಮಾಡುದು, ಪ್ರಾರ್ಥನೆ ಮಾಡುದು. ಗರಿ ಮುಗಿದ್ರೆ ದೇವರು ಮುಗಿತಾನಾ?"

ಜಪಮಾಲೆ ಶುರುವಾಯಿತು. ಅವಳ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. ಮಾಂಯ್ ಹೆದರುತ್ತಾಳೆಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ.

"ನಿನಗೂ ಹೆದರಿಕೆಯಾ ಮಾಂಯ್?"

"ಹೆದರಿಕೆ ಇಲ್ಲದವರಿಗೆ ಜಪಮಾಲೆ ಎಂತಕ್ಕೆ? ಹೇಳು, ನಿಲ್ಲಿಸ್ಬೇಡ."

ಮೂರು ಸಲ ಜಪಮಾಲೆ ಮುಗಿಯಿತು. ದೀಪ ಹಚ್ಚುವ ಹೊತ್ತಿಗೆ ಪಪ್ಪ ಬಂದರು. ಮಳೆಗೆಂದು ತಲೆಗೆ ಹಾಕಿದ್ದ ಓಲೆಯ ಗೊರಬೆ ಗಾಳಿಗೆ ಹಾರಿಹೋಗಿ ತೊಯ್ದು ತೊಪ್ಪೆಯಾಗಿದ್ದರು. ಮಾಂಯ್ ಬೆಲ್ಲದ ಕಾಫಿ ಕೊಟ್ಟಳು, ನನ್ನ ವಿಷಯ ಎತ್ತಲೇ ಇಲ್ಲ. ಆಮೇಲೆ ಒಲೆಯ ಹತ್ತಿರ ಕರೆದು, "ಬೂದಿ ಎಂತ ಮಾಡಿದೆ?" ಎಂದಳು. ಗೆರಟೆ ತೋರಿಸಿದೆ. ಅದನ್ನು ಹಾಗೇ ಎತ್ತಿಟ್ಟಳು.

ಆ ವರ್ಷವಿಡೀ ಗುಡುಗಿದಾಗಲೆಲ್ಲ ಕೈ ಕೈ ಹಿಡಿದು ಕೂತೆವು. ಬೂದಿ ಬುಧವಾರಕ್ಕೆ ಮೊದಲಿನ ಭಾನುವಾರ ಎಲ್ಲರೂ ಒಣಗರಿ ಕೊಡುತ್ತಿರುವಾಗ ಮಾಂಯ್ ಪಾದ್ರಿಗಳ ಮುಂದೆ ಗೆರಟೆ ಚಾಚಿದಳು.

"ನಮ್ಮದು ಮೊದಲೇ ಸುಟ್ಟಾಗಿದೆ ಫಾದರ್. ಹುಡುಗಿ ಹೆದರಿದ್ದಳು."

ಪಾದ್ರಿಗಳು ನನ್ನ ಮುಖ ನೋಡಿದರು, ನಗಲಿಲ್ಲ. ಗೆರಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬುಧವಾರ ಲ್ಯಾಟಿನ್‌ನಲ್ಲಿ ಏನೋ ಹೇಳಿ ಊರವರ ಹಣೆಗೆಲ್ಲ ಬೂದಿ ಹಚ್ಚಿದರು. ನನ್ನ ಹೆದರಿಕೆಯ ಪಾಲೂ ಅದರಲ್ಲಿತ್ತು. ಮನೆ ಮುಟ್ಟುವವರೆಗೆ ಅದನ್ನು ಒರಸಿಕೊಳ್ಳಲಿಲ್ಲ.

ಈಗ ಮನೆಗೆ ತಾರಸಿ ಬಂದಿದೆ, ಮೇಲೆ ಸಿಡಿಲು ತಡೆಯುವ ಸರಳು ಉಂಟು. ಒಲೆಯಿಲ್ಲ, ಕೆಂಡವಿಲ್ಲ. ಪಟದ ಹಿಂದಿನ ಗರಿಯನ್ನು ವರ್ಷ ಕಳೆದ ಮೇಲೆ ಇಡಿಯಾಗಿಯೇ ಹಿಂದೆ ಕೊಡುತ್ತೇನೆ. ಹೆದರಿಕೆಯೇನೂ ಕಮ್ಮಿಯಾಗಿಲ್ಲ. ಡಾಕ್ಟರ ಚೀಟಿಗೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಲ್ಲಿ ಫೋನು ಬಂದರೆ ಹೆದರುತ್ತೇನೆ, ಹೆದರಿ ಹೆದರಿ ಸುಸ್ತಾಗಿದೆ. ಜಪಮಾಲೆ ಹಿಡಿಯುತ್ತೇನೆ, ಕೈ ನಡುಗುತ್ತದೆ. ಅದರ ಪಕ್ಕದಲ್ಲಿ ಇನ್ನೂ ಜಾಸ್ತಿ ನಡುಗುತ್ತಿದ್ದ ಆ ಕೈ ಈಗಿಲ್ಲ.