ಪಾತಣ್ಣನ ಒಳಗೇ ಉಳಿದ ಪೈಪು

ಚಳ್ಳಕೆರೆಯ ಆಸ್ಪತ್ರೆಯೊಂದರಲ್ಲಿ ಬಾವ ಪಾತಣ್ಣನ ಎಕ್ಸ್‌-ರೇ, ಸ್ಕ್ಯಾನ್ ಎರಡನ್ನೂ ನೋಡಿದ ಡಾಕ್ಟರು ಕುರ್ಚಿಯಿಂದ ಎದ್ದೇ ನಿಂತರು. "ಈ ಪೈಪು ಇನ್ನೂ ಒಳಗೇ ಇದೆಯಲ್ರೀ! ಯಾವಾಗ ಹಾಕಿಸಿದ್ದು?" ಎಂದರು. ಬಾವ ಅಲ್ಲೇ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಪಾತಣ್ಣ ಮೊಳಕಾಲ್ಮೂರಿನ ನೇಕಾರ, ನನ್ನಕ್ಕ ರೇಣುಕಮ್ಮನ ಗಂಡ. ನಮ್ಮಿಬ್ಬರದೂ ಒಂದೇ ಮನೆಯಲ್ಲಿ ಅಕ್ಕಪಕ್ಕದ ಗುಂಡಿಮಗ್ಗ. ಬೆಳಗ್ಗೆ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಅವನು ಏಳುತ್ತಿದ್ದುದು ಮಧ್ಯಾಹ್ನದ ಮುದ್ದೆಗೇ. ನಡುವೆ ಎದ್ದು ಬಂದರೆ ಕೈಯ ಏಟು ಬದಲಾಗಿ ರೇಷ್ಮೆಯಲ್ಲಿ ಗೆರೆ ಬೀಳುತ್ತದೆ ಅನ್ನುವ ಹಟ. ಏಳಬೇಕಾದೀತು ಎಂದು ನೀರನ್ನೂ ಕುಡಿಯುತ್ತಿರಲಿಲ್ಲ, ಆ ಬಿಸಿಲೂರಿನಲ್ಲಿ! ಅಕ್ಕ ಚೊಂಬು ತಂದರೆ "ಅತ್ಲಾಗಿಡೇ, ಇನ್ನರ್ಧ ಮೊಳ ಆಗ್ಲಿ" ಅನ್ನುತ್ತಿದ್ದ. ಅವನ ಸೀರೆಯಲ್ಲಿ ಗೆರೆ ಹುಡುಕಿ ಸೋತವರೇ ಎಲ್ಲ, ಸುಳ್ಳು ಯಾಕೆ ಹೇಳಲಿ. ಕಿಡ್ನಿಯಲ್ಲಿ ಮಾತ್ರ ಕಲ್ಲು ಕೂತಿತು.

೨೦೦೧ರಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಕೊಯ್ಯಲಿಲ್ಲ, ಹೊಲಿಯಲಿಲ್ಲ, ಮೂತ್ರದ ದಾರಿಯಲ್ಲೇ ದಾರದಷ್ಟು ಸಣ್ಣ ತಂತಿ ಬಿಟ್ಟು, ಲೇಸರ್ ಬೆಳಕಿನಿಂದ ಕಲ್ಲು ಪುಡಿ ಮಾಡಿದರು. ಬೆಳಕು ಕಲ್ಲೊಡೆಯುತ್ತದಂತೆ! ನಾವು ದಂಗಾಗಿ ಹೋದೆವು. ಪುಡಿ ಸಲೀಸಾಗಿ ಇಳಿಯಲೆಂದು ಕಿಡ್ನಿಯಿಂದ ಮೂತ್ರಚೀಲದವರೆಗೆ ಒಂದು ಸಣ್ಣ ಪೈಪು ಇಟ್ಟರು. "ತಿಂಗಳಿಗೆ ಸರಿಯಾಗಿ ಬಂದು ತೆಗೆಸಿಕೊಳ್ಳಿ" ಎಂದು ಮೂರು ಸಲ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟರು.

ತಿಂಗಳು ತುಂಬಿದಾಗ ಬಾವನ ಮಗ್ಗದಲ್ಲಿ ಮೂರು ಸೀರೆಗಳಿಗೆಂದು ಉದ್ದಕ್ಕೆ ಬಿಗಿದ ನೂಲಿನ ಹಾಸು ನೇಯ್ದು ಅರ್ಧಕ್ಕೆ ಬಂದಿತ್ತು. ಒಬ್ಬ ಹಿಡಿದ ಹಾಸಿನ ಮೇಲೆ ಇನ್ನೊಬ್ಬ ಕೈಯಿಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಅದೂ ಮದುವೆಗೆ ಕೊಡಬೇಕಾದ ಸೀರೆಗಳು.

"ಹೋಗಿ ಬರ್ಲೇನೋ ಮಾರುತಿ?" ಎಂದು ನನ್ನನ್ನು ಕೇಳಿದ.

ನನ್ನ ನಾಲಗೆ ಸೇದಿಹೋಗಲಿ, "ನೋವಿಲ್ಲ ಅಂತೀಯಲ್ಲ ಬಾವ, ಹಾಸು ಮುಗಿಸ್ಕೊಂಡು ಹೋಗು. ಪೈಪು ಎಲ್ಲಿಗೋಗ್ತೈತೆ?" ಎಂದುಬಿಟ್ಟೆ.

ಹಾಸು ಮುಗಿಯಿತು. ಮರುದಿನವೇ ಹೊಸ ಹಾಸು ಹೂಡಿದ. ನೋವಿಲ್ಲದ್ದಕ್ಕೆ ಇಬ್ಬರೂ ಮರೆತೇಬಿಟ್ಟೆವು. ಹಾಗೇ ನಾಲ್ಕು ವರ್ಷ ಕಳೆಯಿತು.

ಈಗ ಡಾಕ್ಟರು ಎಕ್ಸ್‌-ರೇ ನನ್ನ ಮುಖದ ಮುಂದೆ ಹಿಡಿದರು. ಗಡಸು ನೀರಿನ ಬೋರ್‌ವೆಲ್ ಪೈಪಿಗೆ ಸುಣ್ಣ ಹಿಡಿದಂತೆ ಉದ್ದಕ್ಕೂ ಬೆಳ್ಳಗೆ ಕಲ್ಲು ಕಟ್ಟಿತ್ತು. "ಎಡಗಡೆ ಕಿಡ್ನಿ ಪೂರ್ತಿ ಹೋಗಿದೆ. ಲೇಸರ್ ಹೊಡೆದೂ ಉಪಯೋಗ ಇಲ್ಲ, ಕಿಡ್ನಿನೇ ತೆಗೀಬೇಕು" ಎಂದರು. ಅಯ್ಯೋ ದೇವರೇ, ನಾನೇ ಕೈಯಾರೆ ಕಿತ್ತುಹಾಕಿದಂತಾಯಿತು.

"ನಾಲ್ಕು ವರ್ಷ! ಹೋಗಿ ತೆಗೆಸ್ಕೊ ಅಂತ ಹೇಳೋರು ಮನೇಲಿ ಒಬ್ರೂ ಇರಲಿಲ್ವೇನ್ರೀ?" ಡಾಕ್ಟರು ನನ್ನನ್ನೇ ಗದರಿದರು.

ನಾನು ಬಾಯಿ ತೆರೆಯುವ ಮೊದಲೇ ಬಾವ ಮೊಣಕೈ ಊರಿ ಎದ್ದ. ನನ್ನ ಕಡೆ ನೋಡದೆ ಅಂದ:

"ಅವನ್ನ ಬೈಬ್ಯಾಡ್ರಿ ಸಾರ್. ಅವ್ನು ದಿನಾ ಹೇಳ್ತಿದ್ದ. ನಾನೇ ಕೇಳ್ಲಿಲ್ಲ."